ಶಾಲು ಹೊದಿಸಿದ ಮೇಲೆ

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಸುಬ್ಬಲಕ್ಷ್ಮಿ ಸೊಪ್ಪು ಕೊಳ್ಳಲು ನಿಂತಳೆಂದರೆ ಅದೊಂದು ಅರ್ಧ ದಿನದ ಕಾರ್ಯಕ್ರಮ. ಸೊಪ್ಪಿನವಳ ಮಗಳ ಬಾಣಂತನ, ಹೂವಿನವನ ಮಂಡಿನೋವು, ಎದುರುಮನೆಯವರ ಸೊಸೆಯ ಮುನಿಸು, ಎಲ್ಲವನ್ನೂ ವಿಚಾರಿಸಿಕೊಂಡೇ ಮುಂದಿನ ಅಂಗಡಿಗೆ ಕಾಲಿಡುತ್ತಿದ್ದಳು. ಗಂಡ ಅನಂತರಾಮು ಇನ್ಶೂರೆನ್ಸ್ ಆಫೀಸಿನಲ್ಲಿ ಗುಮಾಸ್ತ, ಬಾಯಿ ಬಿಟ್ಟರೆ ಮುತ್ತು ಉದುರೀತು ಎನ್ನುವ ಪೈಕಿ. "ನನ್ನ ಪಾಲಿನ ಮಾತನ್ನೂ ಇವಳೇ ಆಡಿಬಿಡ್ತಾಳೆ ಕಣ್ರೀ" ಎಂದು ಬಂದವರೆದುರು ನಗುತ್ತಿದ್ದ. ಅಂಥವಳಿಗೆ ಒಂದು ಬೆಳಿಗ್ಗೆ, ಸಾರಿಗೆ ಒಗ್ಗರಣೆ ಹಾಕುತ್ತಾ ನಿಂತಿದ್ದಾಗಲೇ ಲಕ್ವ ಹೊಡೆಯಿತು. ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತೂ ಹೋಯಿತು. ಹಾಳು ಕಾಯಿಲೆಗೆ ಅವಳ ಹತ್ತಿರ ಬೇರೇನೂ ಕಾಣಿಸಲಿಲ್ಲವೆ!

ಬುದ್ಧಿ ಮಾತ್ರ ನೆಟ್ಟಗೆ ಉಳಿಯಿತು. ಎಲ್ಲ ಕೇಳಿಸುತ್ತಿತ್ತು, ಎಲ್ಲ ತಿಳಿಯುತ್ತಿತ್ತು. ಹೌದು ಎನ್ನಲು, ಅಲ್ಲ ಎನ್ನಲು ತಲೆ ಆಡುತ್ತಿತ್ತು, ಎಡಗೈ ಆಡುತ್ತಿತ್ತು. ಬಾಯಿ ತೆರೆದರೆ ಮಾತ್ರ ಬರಿಯ ಸದ್ದು.

ಮೊದಮೊದಲು ನೆಂಟರಿಷ್ಟರು ಬಂದರು. ಮೂಸಂಬಿ ತಂದರು, ಕಣ್ಣೊರೆಸಿಕೊಂಡರು, ಅವರವರ ಮನೆಗೆ ಹೊರಟುಹೋದರು. ಅನಂತರಾಮು ಬೆಳಿಗ್ಗೆ ಬೈಯಪ್ಪನಹಳ್ಳಿಯಲ್ಲಿ ಮೆಟ್ರೋ ಹತ್ತಿದರೆ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ಉಳಿದವನು ಒಬ್ಬನೇ ಮಗ ಭಾರ್ಗವ್, ಆಗ ಎಂಟನೇ ಕ್ಲಾಸು. 'ನೀನೇ ನೋಡಿಕೋ' ಎಂದು ಅವನಿಗೆ ಯಾರೂ ಹೇಳಲಿಲ್ಲ. ಒಂದು ದಿನ ಅಪ್ಪ ಹೊರಟ ಮೇಲೆ ಅಮ್ಮನ ಬಟ್ಟೆ ಒದ್ದೆಯಾಗಿತ್ತು, ಅವನು ಬದಲಾಯಿಸಿದ. ಅಷ್ಟೇ. ಅವತ್ತಿನಿಂದ ಅದು ಅವನ ಕೆಲಸವಾಗಿಹೋಯಿತು.

ಹತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಅವನು ಡಯಾಪರ್ ಕಟ್ಟುವುದು, ಎತ್ತಿ ವೀಲ್‌ಚೇರಿಗೆ ಕೂರಿಸುವುದು, ಇಡ್ಲಿ ಕಿವುಚಿ ತಿನ್ನಿಸುವುದು ಎಲ್ಲದರಲ್ಲೂ ಪಳಗಿದ್ದ. ಸ್ನಾನ ಮಾಡಿಸುವುದರಲ್ಲಿ ಮಾತ್ರ ಪಳಗಲೇ ಇಲ್ಲ. ಮೀಸೆ ಚಿಗುರುತ್ತಿದ್ದ ಹುಡುಗ. ಒಂದು ಕೈಯಲ್ಲಿ ಅಮ್ಮನ ಭುಜ ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಇನ್ನೊಂದು ಕೈಯಿಂದ ಅಂದಾಜಿನ ಮೇಲೆ ನೀರು ಹುಯ್ಯುತ್ತಿದ್ದ. ಅರ್ಧ ನೀರು ನೆಲದ ಪಾಲು. ಸುಬ್ಬಲಕ್ಷ್ಮಿಯೂ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೆ ಎನಿಸುತ್ತಿತ್ತು ಅವಳಿಗೆ. ಅವನ ಕೆಲಸ ಕಡಿಮೆಯಾಗಲೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು. ಉರಿಮೂತ್ರ ಹತ್ತಿಕೊಂಡು ಅವನ ಕೆಲಸ ಇನ್ನಷ್ಟು ಹೆಚ್ಚಿತು.

ಸ್ಕೂಲಿನಲ್ಲಿ ಹುಡುಗ ದಿನಾ ತಡ, ಬಂದರೂ ಬೆಂಚಿನ ಮೇಲೆ ನಿದ್ದೆ. ಮೇಷ್ಟರುಗಳು ಬೈದು ಸಾಕಾಗಿ ಅವನನ್ನು ಪ್ರಿಯಾ ಹತ್ತಿರ ಕಳಿಸಿದರು. ಈ ಪ್ರಿಯಾ ಶಾಲೆಗೆ ಹೊಸದಾಗಿ ಬಂದಿದ್ದ ಕೌನ್ಸೆಲರ್. ಮಕ್ಕಳ ಮನಸ್ಸು, ಮನೆಯವರ ಕಷ್ಟಸುಖ ನೋಡಿಕೊಳ್ಳಲೆಂದೇ ನೇಮಿಸಿದ್ದರು. ಅವಳು ಹುಡುಗನನ್ನು ಬೈಯಲಿಲ್ಲ. "ಬೆಳಿಗ್ಗೆ ಎದ್ದಾಗಿಂದ ಏನೇನ್ ಮಾಡ್ತೀಯ, ಒಂದೊಂದಾಗಿ ಹೇಳು" ಎಂದಳು. ಅವನು ಹೇಳಿ ಮುಗಿಸಿದ ಮೇಲೆ ಅವತ್ತೇ ಸಂಜೆ ಮನೆಗೆ ಬಂದಳು.

ಬಂದವಳು ನೇರ ಸುಬ್ಬಲಕ್ಷ್ಮಿಯ ಮಂಚದ ಪಕ್ಕ ಕುಳಿತಳು. "ಅಮ್ಮ, ನಿಮಗೆ ಏನು ಬೇಕು? ಬೆಳಿಗ್ಗೆಯಿಂದ ಸಾಯಂಕಾಲದ ತನಕ ಒಬ್ಬರು ಹೆಂಗಸು ಬಂದು ನಿಮ್ಮ ಸ್ನಾನ, ಊಟ ಎಲ್ಲಾ ನೋಡ್ಕೊಂಡ್ರೆ ಆಗುತ್ತಾ? ಹೀಗೆ ಮಕ್ಕಳೇ ನೋಡ್ಕೊಳ್ಳೋ ಮನೆಗಳಿಗೆ ಅಂತಲೇ ಒಂದು ಟ್ರಸ್ಟಿನೋರು ಕಳಿಸಿಕೊಡ್ತಾರೆ."

ಮಲಗಿದಾಗಿನಿಂದ 'ನಿಮಗೆ ಏನು ಬೇಕು' ಎಂದು ಅವಳನ್ನೇ ಕೇಳಿದವರು ಯಾರೂ ಇರಲಿಲ್ಲ. ಸುಬ್ಬಲಕ್ಷ್ಮಿ ಕತ್ತು ನೋಯುವಷ್ಟು ತಲೆಯಾಡಿಸಿದಳು. ಅನಂತರಾಮು "ಅಡುಗೆಮನೆಗೆ ಬರೋ ಹಾಗಿಲ್ಲ, ನೋಡಿ" ಎಂದು ಗೊಣಗಿ ಒಪ್ಪಿಕೊಂಡ.

ಜೋಗುಪಾಳ್ಯದಿಂದ ಪೀರಮ್ಮ ಬಂದಳು. ಗಟ್ಟಿ ಕೈ, ಗಟ್ಟಿ ಗಂಟಲು. ಮೊದಲನೇ ದಿನವೇ ಕೊಬ್ಬರಿ ಎಣ್ಣೆ ಬಿಸಿಮಾಡಿ ನೆತ್ತಿಗೆ ತಟ್ಟಿ, ಹಬೆಯಾಡುವ ನೀರು ಹುಯ್ದು, ಬೆನ್ನು ಉಜ್ಜಿ, "ಏನಮ್ಮಾ ಇದು, ಕಿವಿ ಹಿಂದೆಲ್ಲ ಸೋಪು ಹಂಗೇ ಕೂತೈತಲ್ಲಮ್ಮ, ಪಾಪ, ಹುಡುಗುಂಗೆ ಏನ್ ಗೊತ್ತಾಗ್ತದೆ" ಎಂದಳು. ಸುಬ್ಬಲಕ್ಷ್ಮಿ ಕಣ್ಣು ಬಿಟ್ಟುಕೊಂಡೇ ಸ್ನಾನ ಮಾಡಿದಳು. ಆಚೆ ಭಾರ್ಗವ್ ಹೊತ್ತಿಗೆ ಸರಿಯಾಗಿ ಸ್ಕೂಲಿಗೆ ಹೊರಟಿದ್ದ, ಹೋಗುತ್ತಾ ಏನನ್ನೋ ಗುನುಗುತ್ತಿದ್ದ. ಆ ಗುನುಗು ಕೇಳಿ ಅವಳಿಗೆ ಆದ ಸಂತೋಷ ಹೇಳತೀರದು.

ಹೀಗೇ ಇದ್ದಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು? ಆದರೆ ನಮ್ಮ ಜನಕ್ಕೆ ಯಾರನ್ನಾದರೂ ಮೆಚ್ಚಿಕೊಂಡರೆ ಸುಮ್ಮನಿರಲು ಬರುವುದಿಲ್ಲ. ಹುಡುಗನ ಸುದ್ದಿ ಶಾಲೆಯ ಆಡಳಿತ ಮಂಡಳಿಯ ಕಾರ್ಯದರ್ಶಿ ಚಲುವಯ್ಯನವರ ಕಿವಿಗೆ ಬಿತ್ತು. ವಾರ್ಷಿಕೋತ್ಸವದಲ್ಲಿ ಸನ್ಮಾನ ಆಗಲೇಬೇಕು ಎಂದರು. ಪ್ರಿಯಾ ಬೇಡ ಸರ್, ಹುಡುಗನಿಗೆ ಇದು ಒಳ್ಳೆಯದಲ್ಲ ಎಂದು ಅಂಗಲಾಚಿದಳು. ಕೇಳುವವರು ಯಾರು? ಅಂದಹಾಗೆ, ಇದೇ ಕೆಲಸವನ್ನು ಹೆಣ್ಣು ಹುಡುಗಿ ಮಾಡಿದ್ದರೆ ಯಾರೂ ಒಂದು ನಿಂಬೆಹಣ್ಣನ್ನೂ ಕೊಡುತ್ತಿರಲಿಲ್ಲ.

ಸನ್ಮಾನದ ದಿನ ಪೀರಮ್ಮನೇ ಸುಬ್ಬಲಕ್ಷ್ಮಿಗೆ ರೇಷ್ಮೆ ಸೀರೆ ಉಡಿಸಿ, ಜಡೆ ಹಾಕಿ, ಮಲ್ಲಿಗೆ ಮುಡಿಸಿ, ವೀಲ್‌ಚೇರು ತಳ್ಳಿಕೊಂಡು ಹೋಗಿ, ಹಿಂದಿನ ಸಾಲಿನಲ್ಲಿ ಕುಳಿತಳು. ವೇದಿಕೆಯ ಮೇಲೆ ಭಾರ್ಗವನಿಗೆ ಮೈಸೂರು ಪೇಟ ತೊಡಿಸಿದರು, ಅದು ಹುಬ್ಬಿನ ತನಕ ಜಾರಿತು. ಶಾಲು, ಹಾರ, ಹಣ್ಣಿನ ಬುಟ್ಟಿ, 'ಮಾತೃಸೇವಾ ರತ್ನ' ಎಂದು ಕೆತ್ತಿದ ಫಲಕ. ಚಲುವಯ್ಯನವರು ಮೈಕು ಹಿಡಿದರು.

"ಇವತ್ತು ಹೆತ್ತವರನ್ನ ಆಯಾಗಳ ಕೈಗೆ ಒಪ್ಪಿಸಿ ಕೈ ತೊಳ್ಕೊಳ್ಳೋ ಕಾಲ! ಈ ಮಗು ಒಪ್ಪಿಸಲಿಲ್ಲ. ತನ್ನ ಎರಡು ಕೈಯಿಂದ ತಾಯಿ ಸೇವೆ ಮಾಡ್ತಿದೆ. ಚಪ್ಪಾಳೆ ತಟ್ಟಿ!"

ಸಾಕು ನಿಲ್ಲಿಸ್ರೋ ಎಂದು ಕೂಗಬೇಕೆನಿಸಿತು ಸುಬ್ಬಲಕ್ಷ್ಮಿಗೆ. ಬಾಯಿ ತೆರೆದಳು, ಸದ್ದು ಹೊರಟಿತು, ಕಣ್ಣಲ್ಲಿ ನೀರು ಬಂತು. ಆನಂದಬಾಷ್ಪ ಎಂದುಕೊಂಡ ಜನ ತಾವೂ ಕಣ್ಣೊರೆಸಿಕೊಂಡರು, ಫೋನು ಎತ್ತಿ ವಿಡಿಯೋ ಹಿಡಿದರು.

ಮಾರನೇ ಸಾಯಂಕಾಲ ಅನಂತರಾಮು ಆಫೀಸಿನಿಂದ ಎದೆಯುಬ್ಬಿಸಿಕೊಂಡು ಬಂದ. ಅವನನ್ನೂ ಪೂರ್ತಿ ಬೈಯುವಂತಿಲ್ಲ. ಹೆಂಡತಿ ಮಲಗಿದಾಗಿನಿಂದ ಅವನನ್ನು ಅಯ್ಯೋ ಪಾಪ ಎಂದವರೇ ಎಲ್ಲ, ಭೇಷ್ ಎಂದವರಿಲ್ಲ.

"ನಾಳೆಯಿಂದ ಬರೋದು ಬೇಡಮ್ಮ" ಎಂದ ಪೀರಮ್ಮನಿಗೆ. "ವಿಡಿಯೋ ಎಲ್ಲಾ ಕಡೆ ಹೋಗ್ಬಿಟ್ಟಿದೆ. ನಮ್ಮ ಮ್ಯಾನೇಜರ್ರೇ ಎದ್ದು ಬಂದು ಕೈ ಕುಲುಕಿದ್ರು. ಈಗ ಮನೇಲಿ ಆಯಾ ಇದ್ದಾಳೆ ಅಂತ ಗೊತ್ತಾದ್ರೆ ನಾನು ಮುಖ ಎಲ್ಲಿಟ್ಕೊಳ್ಳಲಿ?"

"ಸ್ವಾಮಿ, ಹುಡುಗುಂಗೆ ಪರೀಕ್ಷೆ ಬಂತಲ್ಲ..."

"ಏನಪ್ಪಾ ಭಾರ್ಗವ್, ನಿನ್ ಕೈಲಿ ಆಗುತ್ತೆ ತಾನೆ?"

ಸುಬ್ಬಲಕ್ಷ್ಮಿ ಮಂಚದ ಮೇಲಿಂದ ಬೇಡ ಬೇಡವೆಂದು ತಲೆ ಹೊರಳಿಸಿದಳು. ಅತ್ತ ಯಾರೂ ನೋಡಲಿಲ್ಲ. ಊರೆಲ್ಲ ಚಪ್ಪಾಳೆ ತಟ್ಟಿದ ಮೇಲೆ ಹುಡುಗ ತಾನೇ ಏನು ಹೇಳಿಯಾನು?

"ಆಗುತ್ತಪ್ಪ" ಎಂದ.

ಪ್ರಿಯಾ ಫೋನು ಮಾಡಿದಳು, ಅನಂತರಾಮು ಎತ್ತಲಿಲ್ಲ. ಮನೆಗೆ ಬಂದವರೆಲ್ಲ "ಎಲ್ಲಿ ನಿಮ್ಮ ರತ್ನ?" ಎಂದು ಕರೆದು ಬೆನ್ನು ತಟ್ಟುವವರೇ. ಭಾರ್ಗವ್ ನಕ್ಕು ಒಳಗೆ ಬಂದು ಬಾಗಿಲು ಧಡಾರನೆ ಹಾಕುತ್ತಿದ್ದ. ಗುನುಗುವುದು ನಿಂತಿತು. ಅಮ್ಮನನ್ನು ಎತ್ತುವಾಗ ಹಿಡಿತ ಬಿರುಸಾಯಿತು. ಸುಬ್ಬಲಕ್ಷ್ಮಿಗೆ ಭಯವಾಗತೊಡಗಿತು, ತನ್ನ ಬಗ್ಗೆ ಅಲ್ಲ.

ಪೂರ್ವಸಿದ್ಧತಾ ಪರೀಕ್ಷೆಯ ಮೊದಲ ದಿನ. ಭಾರ್ಗವ್ ಯೂನಿಫಾರಂ ಹಾಕಿಕೊಂಡು, ಪೆನ್ನು ಜೇಬಿಗಿಟ್ಟು, ಆತುರಾತುರವಾಗಿ ಅಮ್ಮನಿಗೆ ಗಂಜಿ ಕುಡಿಸುತ್ತಿದ್ದ. ಅವನ ಹೊತ್ತು ಉಳಿಸೋಣವೆಂದು ಅವಳು ತಾನೇ ಎಡಗೈಯಿಂದ ಲೋಟ ಹಿಡಿಯಹೋದಳು. ಲೋಟ ತಪ್ಪಿತು. ಗಂಜಿಯೆಲ್ಲ ಅವನ ಅಂಗಿಯ ಮೇಲೆ, ಅವಳ ಹಾಸಿಗೆಯ ಮೇಲೆ. ಅದೇ ಗಾಬರಿಗೆ ಅವಳಿಗೆ ಕೆಳಗೂ ಹಿಡಿತ ತಪ್ಪಿತು.

ಅವನು ಹೊಡೆದ. ಕೆನ್ನೆಗೆ, ಅಂಗೈ ಬಿಚ್ಚಿ, ಜೋರಾಗಿ.

ಆಮೇಲೆ ಎರಡು ಕೈಯಲ್ಲೂ ತಲೆ ಹಿಡಿದುಕೊಂಡು ನೆಲದ ಮೇಲೆ ಕುಸಿದ. "ಅಮ್ಮಾ, ಸಾರಿ ಅಮ್ಮಾ, ನಾನು ಬೇಕೂಂತ ಹೊಡೀಲಿಲ್ಲಮ್ಮ" ಎಂದು ಬಿಕ್ಕಿದ, ಫ್ರಿಜ್ಜಿನಿಂದ ಐಸು ತಂದು ಒತ್ತಿದ. ಪರೀಕ್ಷೆಗೆ ಹೋಗಲಿಲ್ಲ. ಸಂಜೆ ಬಂದ ಅಪ್ಪ ಕೇಳಿದಾಗ "ಎತ್ತುವಾಗ ಜಾರಿ ಬಿದ್ರು" ಎಂದ. ಅನಂತರಾಮು ನಂಬಿದ, ಅಥವಾ ನಂಬಿದರೆ ಅನುಕೂಲವೆಂದು ನಂಬಿದ.

ಮಾರನೇ ದಿನವೆಲ್ಲ ಸುಬ್ಬಲಕ್ಷ್ಮಿ ಯೋಚಿಸಿದಳು. ಪರೀಕ್ಷೆಗೆ ಯಾಕೆ ಬರಲಿಲ್ಲವೆಂದು ಕೇಳಿಕೊಂಡು ಪ್ರಿಯಾ ಬಂದೇ ಬರುತ್ತಾಳೆ. ಸೆರಗು ಎಳೆದುಕೊಂಡು ಮುಚ್ಚಿಟ್ಟರೆ ಮಗನ ಮರ್ಯಾದೆ ಉಳಿಯುತ್ತದೆ. ಆದರೆ ನಾಳೆಯೂ ಇದೇ ಹಾಸಿಗೆ, ಇದೇ ಬಚ್ಚಲು. ಇನ್ನೊಂದು ಸಲ ಕೈ ಎತ್ತುತ್ತಾನೆ. ಎತ್ತುತ್ತಾ ಎತ್ತುತ್ತಾ ಐಸು ತರುವುದನ್ನು ಬಿಡುತ್ತಾನೆ. ತನ್ನ ಹೊಟ್ಟೆಯಲ್ಲಿ ಹುಟ್ಟಿದ ಇಷ್ಟು ಒಳ್ಳೆಯ ಹುಡುಗ ತನ್ನಿಂದಲೇ ಅಂಥವನಾಗಬೇಕೆ?

ಸಂಜೆ ಪ್ರಿಯಾ ಬಂದಳು. ಅನಂತರಾಮು ಪರೀಕ್ಷೆ ದಿನ ಹುಡುಗನಿಗೆ ಜ್ವರ ಎಂದ. ಭಾರ್ಗವ್ ಬಾಗಿಲ ಹತ್ತಿರ ಗೋಡೆಗೆ ಅಂಟಿಕೊಂಡು ನಿಂತಿದ್ದ. ಸುಬ್ಬಲಕ್ಷ್ಮಿ ಎಡಗೈಯಿಂದ ಸೆರಗು ಸರಿಸಿ, ಕಪ್ಪುಗಟ್ಟಿದ ಕೆನ್ನೆಯನ್ನು ದೀಪದ ಕಡೆ ತಿರುಗಿಸಿದಳು.

"ಏನಾಯ್ತಮ್ಮ?"

"ಬಿದ್ಬಿಟ್ಲು" ಎಂದ ಅನಂತರಾಮು.

ಪ್ರಿಯಾ ಅವನತ್ತ ನೋಡಲಿಲ್ಲ. "ಬಿದ್ರಾ ಅಮ್ಮ?"

ಸುಬ್ಬಲಕ್ಷ್ಮಿ ಅಲ್ಲವೆಂದಳು. ಎಡಗೈ ಎತ್ತಿ ಮಗನ ಕಡೆ ತೋರಿಸಿದಳು. ಅದೇ ಕೈಯನ್ನು ತಿರುಗಿಸಿ, ಒಂದೇ ಕೈಯಲ್ಲಿ, ಪ್ರಿಯಾಳಿಗೆ ಮುಗಿದಳು.

"ಸುಬ್ಬು! ಏನೇ ಇದು!" ಎಂದು ಕೂಗಿದ ಅನಂತರಾಮು.

ಭಾರ್ಗವ್ ಅಮ್ಮನನ್ನು ನೋಡಿದ. ಹೊಡೆದವಳು ಅವಳೇ ಎನ್ನುವಂತೆ ನೋಡಿದ. "ಸಾರಿ ಕೇಳಿದ್ನಲ್ಲಮ್ಮ" ಎಂದವನೇ ರೂಮಿಗೆ ಹೋಗಿ ಚಿಲಕ ಹಾಕಿಕೊಂಡ. ನಿಂದೇನೂ ತಪ್ಪಿಲ್ಲ ಕಣೋ ಎಂದು ಪ್ರಿಯಾ ಬಾಗಿಲ ಹತ್ತಿರ ನಿಂತು ಎಷ್ಟು ಹೇಳಿದರೂ ತೆಗೆಯಲಿಲ್ಲ.

"ನಾಳೆಯಿಂದ ಪೀರಮ್ಮ ಬರ್ತಾರೆ ಸರ್" ಎಂದಳು ಅವಳು ಹೊರಡುವಾಗ, ಅನಂತರಾಮುವನ್ನು ಕೇಳಿಕೊಂಡಂತೆ ಅಲ್ಲ, ತಿಳಿಸಿದಂತೆ.

"ಬರಲಿ ಮೇಡಂ. ಚಲುವಯ್ಯನೋರಿಗೆ ಮಾತ್ರ ಹೇಳ್ಬೇಡಿ" ಎಂದ ಅನಂತರಾಮು.

ಪೀರಮ್ಮ ಬಂದಳು. ಎಣ್ಣೆ, ಬಿಸಿನೀರು, ಎಲ್ಲ ಮೊದಲಿನಂತೆ. ಭಾರ್ಗವ್ ಉಳಿದ ಪರೀಕ್ಷೆಗಳಿಗೆ ಹೋದ, ಶಾಲೆಗೂ ದಿನಾ ಹೋದ. ಅಮ್ಮನ ಕೋಣೆಗೆ ಮಾತ್ರ ಕಾಲಿಡಲಿಲ್ಲ. ಊರೆಲ್ಲ ಹೊಗಳಿದ ಮಗನನ್ನು ಹಿಡಿದುಕೊಟ್ಟ ತಾಯಿ ಅವಳು. ಯಾಕೆ ಹಿಡಿದುಕೊಟ್ಟೆ ಎಂದು ಹೇಳಲು ಅವಳಿಗೆ ಬಾಯಿಲ್ಲ, ಕೇಳಲು ಅವನು ಬರುತ್ತಿಲ್ಲ.

ಒಂದು ಬೆಳಿಗ್ಗೆ ಅವನು ನಡುಮನೆಯಲ್ಲಿ ಶೂ ಹಾಕಿಕೊಳ್ಳುತ್ತಿರುವುದು ಅವಳಿಗೆ ಕೇಳಿಸಿತು. ಪೀರಮ್ಮ ಅವಳ ತಲೆ ಬಾಚುತ್ತಿದ್ದವಳು ಅಲ್ಲಿಂದಲೇ ಕೂಗಿದಳು: "ಅಮ್ಮಂಗೆ ಹೇಳ್ಬಿಟ್ಟು ಹೋಗಪ್ಪಾ!"

"ನೀವೇ ಹೇಳ್ಬಿಡಿ ಆಂಟಿ."

ಪೀರಮ್ಮ ಬಾಚಣಿಗೆ ಕೆಳಗಿಟ್ಟಳು. ಆಮೇಲೆ ಬಗ್ಗಿ ಅವಳ ಕಿವಿಯ ಹತ್ತಿರ, "ಸ್ಕೂಲಿಗೆ ಹೋದನಮ್ಮ. ಟೈಮಿಗೆ ಸರಿಯಾಗಿ ಹೋದ" ಎಂದಳು.

ಇದೇ ತಾನೆ ತಾನು ಬೇಡಿದ್ದು ಎಂದುಕೊಂಡು ಸುಬ್ಬಲಕ್ಷ್ಮಿ ಸರಿ ಎಂದು ತಲೆಯಾಡಿಸಿದಳು. ಪೀರಮ್ಮ ಸೆರಗಿನಿಂದ ಅವಳ ಕಣ್ಣೊರೆಸಿ ಜಡೆ ಹೆಣೆಯತೊಡಗಿದಳು.