ಕೊಬ್ಬರಿ ಅಟ್ಟದ ಕೆಳಗೆ ಎರಡು ಬಾಕ್ಸು

ಕಣಕಟ್ಟೆಯಲ್ಲಿ ಮಂಜುಶ್ರೀಯ ಮನೆ ಯಾವುದೆಂದು ಕೇಳಿದರೆ ಯಾರೂ ಅವಳ ಗಂಡನ ಹೆಸರು ಹಿಡಿದು ಹೇಳುವುದಿಲ್ಲ. "ಓ, ಆ ಬಾಕ್ಸ್ ಮನೇನಾ?" ಎಂದು ನಕ್ಕು ತೋಟದ ದಾರಿಗೆ ಕೈ ತೋರಿಸುತ್ತಾರೆ. ಆ ನಗೆಯಲ್ಲಿ ಅರ್ಧ ಗೇಲಿ ಇರುತ್ತದೆಂದು ಮಂಜುಶ್ರೀಗೆ ಗೊತ್ತು. ಗೊತ್ತಿದ್ದೂ ಅವಳು ಹಾಡು ಕೇಳುವುದನ್ನು ನಿಲ್ಲಿಸಿದವಳಲ್ಲ.

ಅರಸೀಕೆರೆಯ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಬಂದವಳು ಅವಳು. ಮದುವೆಯಾದ ಮೇಲೆ ತೆಂಗಿನ ತೋಟ, ಎರಡು ಹಸು, ಮನೆಯೊಳಗಿನ ಕೊಬ್ಬರಿ ಅಟ್ಟ, ಎಲ್ಲವೂ ಅವಳ ಹೆಗಲಿಗೆ ಬಂದವು. ಗಂಡ ರಾಜಶೇಖರ್ ಅರಸೀಕೆರೆಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಬೆಳಗಿನ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾನೆ. ಮಗಳು ಸೌಂದರ್ಯ ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ನರ್ಸಿಂಗ್ ಓದುತ್ತಾಳೆ. ಹೀಗಾಗಿ ಹಗಲೆಲ್ಲ ಮಂಜುಶ್ರೀಯ ಜೊತೆಗೆ ಮಾತಾಡಲು ಇರುತ್ತಿದ್ದದ್ದು ಕಾಗೆ, ಹಸು ಮತ್ತು ಪಂಪ್‌ಸೆಟ್ಟು.

ಅರಸೀಕೆರೆಯಲ್ಲಿ ರೈಲ್ವೆ ಗಾರ್ಡ್ ಆಗಿ ನಿವೃತ್ತರಾದ ಗಂಗಯ್ಯನವರ ಮನೆಗೆ ಅವಳು ತುಪ್ಪ ಕೊಡುತ್ತಿದ್ದಳು. ಒಂದು ಸಲ ಹೋದಾಗ ನಡುಮನೆಯಲ್ಲಿ ಹಾಡು ಬರುತ್ತಿತ್ತು. ಚಿಕ್ಕಂದಿನಿಂದ ರೇಡಿಯೋದಲ್ಲಿ ಕೇಳಿ ಕೇಳಿ ಬಾಯಿಪಾಠವಾಗಿದ್ದ ಹಾಡು. ಆದರೆ ಅವತ್ತು ಚರಣ ಶುರುವಾಗುವ ಮೊದಲು ಹಾಡುವವಳು ಉಸಿರೆಳೆದುಕೊಂಡದ್ದು ಕೇಳಿಸಿತು. ತಂಬೂರಿಯ ತಂತಿ ಬಲಗಡೆ ಮೂಲೆಯಲ್ಲಿ ಯಾರೋ ಕೂತು ಮೀಟಿದ ಹಾಗಿತ್ತು. ಮಂಜುಶ್ರೀ ತುಪ್ಪದ ಪಾತ್ರೆ ಕೈಯಲ್ಲಿ ಹಿಡಿದೇ ಹಾಡು ಮುಗಿಯುವವರೆಗೆ ಬಾಗಿಲಲ್ಲಿ ನಿಂತಳು.

ಗಂಗಯ್ಯನವರು ಮೈಸೂರಿನ ಮಗಳ ಮನೆಯಲ್ಲೇ ಇರಲು ಹೊರಟಿದ್ದರು. ಅವರ ಹೆಂಡತಿ ಶಿವಗಂಗಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: "ಆ ಬಾಕ್ಸ್ ಬಂದ್ರೆ ನಾನ್ ಬರಲ್ಲ. ಯಾರು ಬೇಕು ನೀವೇ ನೋಡ್ಕಳ್ಳಿ." ಗಂಗಯ್ಯನವರು ಬಹಳ ಯೋಚನೆ ಮಾಡಿ ಹೆಂಡತಿಯನ್ನು ಆರಿಸಿಕೊಂಡರು. ಹಾಗಾಗಿ ಸೊಂಟದೆತ್ತರದ ಎರಡು ಸ್ಪೀಕರ್ ಬಾಕ್ಸು ಮತ್ತು ಒಂದು ಆಂಪ್ಲಿಫೈಯರ್, ಮಂಜುಶ್ರೀ ಡೈರಿ ದುಡ್ಡಿನಲ್ಲಿ ಕೂಡಿಟ್ಟುಕೊಂಡಿದ್ದನ್ನೆಲ್ಲ ನುಂಗಿ, ಲಗೇಜ್ ಆಟೋ ಏರಿ ಕಣಕಟ್ಟೆಗೆ ಬಂದವು.

ಡಿಪೋದಿಂದ ಬಂದ ರಾಜಶೇಖರ್ ಬಾಗಿಲಲ್ಲೇ ನಿಂತ.

"ಏನೇ ಇದು, ಬೀರು ತಂದ್ಯಾ?"

"ಹಾಡು ಕೇಳದು."

"ಮೊಬೈಲ್‌ನಾಗೆ ಹಾಡು ಬರಲ್ವಾ?"

"ಬತ್ತದೆ. ಟ್ಯೂಬಿನಾಗೆ ಗಾಳಿ ಹೋದಂಗೆ ಬತ್ತದೆ."

ರಾಜಶೇಖರ್ ಕೆಟ್ಟವನಲ್ಲ. ದಿನವಿಡೀ ಇಂಜಿನ್ನಿನ ಪಕ್ಕ ನಿಂತು ನಿಂತು ಅವನ ಕಿವಿ ದಣಿದಿರುತ್ತಿತ್ತು. ಮನೆಗೆ ಬಂದರೆ ಅವನಿಗೆ ಸದ್ದಿಲ್ಲದ ಜಾಗ ಬೇಕು. ಅವಳಿಗೋ, ದಿನವಿಡೀ ಸದ್ದಿಲ್ಲದ ಜಾಗದಲ್ಲಿದ್ದು ಸಾಕಾಗಿರುತ್ತಿತ್ತು. ಇಬ್ಬರದೂ ನ್ಯಾಯವೇ. ಆದ್ದರಿಂದ ಜಗಳ ಬಗೆಹರಿಯುತ್ತಲೇ ಇರಲಿಲ್ಲ. ಅವಳು ಹಾಡು ಹಾಕಿದರೆ ಅವನು ತಲೆಗೆ ಟವೆಲ್ ಸುತ್ತಿಕೊಂಡು ಜಗಲಿಯಲ್ಲಿ ಹೋಗಿ ಕೂರುತ್ತಿದ್ದ.

ಬಾಕ್ಸುಗಳನ್ನು ಇಟ್ಟದ್ದು ನಡುಮನೆಯಲ್ಲಿ, ಅಟ್ಟದ ಕೆಳಗೆ. ಆ ಸೀಮೆಯವರಿಗೆ ಅಟ್ಟವೆಂದರೆ ಏನೆಂದು ಹೇಳಬೇಕಾಗಿಲ್ಲ. ಬಲಿತ ತೆಂಗಿನಕಾಯಿಯನ್ನು ಸಿಪ್ಪೆಯ ಸಮೇತ ಅಡಕೆ ದಬ್ಬೆಯ ಅಟ್ಟಕ್ಕೆ ಏರಿಸಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಇಂಗಿ, ಕಾಯಿ ಚಿಪ್ಪು ಬಿಟ್ಟು, ಉಂಡೆ ಕೊಬ್ಬರಿಯಾಗುತ್ತದೆ. ಅಲುಗಿಸಿದರೆ ಗಡಗಡ ಎನ್ನುತ್ತದೆ. ಅಲ್ಲಿಯವರೆಗೆ ಅದನ್ನು ಮುಟ್ಟಬಾರದು, ಕೆದಕಬಾರದು. ಬಸುರಿಯನ್ನು ನೋಡಿಕೊಂಡ ಹಾಗೆ ನೋಡಿಕೊಳ್ಳಬೇಕು ಎಂಬುದು ಹಿರಿಯರ ಮಾತು.

ಬಾಕ್ಸು ಬಂದ ವರ್ಷ ಮಾಗಿಯಲ್ಲಿ ಒಂದು ತೊಂದರೆ ಕಾಣಿಸಿಕೊಂಡಿತು. ಹಾಡಿನಲ್ಲಿ ಮೃದಂಗದ ಎಡಗೈ ಪೆಟ್ಟು ಬಿದ್ದಾಗಲೆಲ್ಲ 'ಗೊರ್' ಎಂದು ಒಂದು ಸದ್ದು. ಮಂಜುಶ್ರೀ ತಂತಿ ಬಿಚ್ಚಿ ಹಾಕಿದಳು, ಬಾಕ್ಸಿನ ತಿರುಪು ಬಿಗಿ ಮಾಡಿದಳು, ಅರಸೀಕೆರೆಯಿಂದ ರಿಪೇರಿಯವನನ್ನು ಕರೆಸಿದಳು. ಅವನು ಸ್ಪೀಕರ್ ಬಿಚ್ಚಿ, ಚೆನ್ನಾಗಿದೆ ಎಂದು ಹೇಳಿ, ಕೂಲಿ ತೆಗೆದುಕೊಂಡು ಹೋದ. 'ಗೊರ್' ಹೋಗಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಹಾಡು ಹಾಕಿ, ಏಣಿ ಹತ್ತಿ ಅಟ್ಟಕ್ಕೆ ತಲೆ ಹಾಕಿದಳು. ಬಾಕ್ಸಿನ ನೇರಕ್ಕೆ ಇದ್ದ ನಾಲ್ಕಾರು ಕಾಯಿಗಳು ದಬ್ಬೆಯ ಮೇಲೆ ಮೆಲ್ಲಗೆ ಅದುರುತ್ತಿದ್ದವು. ಸದ್ದು ಅವುಗಳ ಹೊಟ್ಟೆಯೊಳಗಿನದು.

ಏಣಿಯ ಮೇಲೇ ಅವಳು ನಕ್ಕುಬಿಟ್ಟಳು. ಸಂಜೆ ಗಂಡನಿಗೂ ಹೇಳಿದಳು. "ನೋಡಿದ್ರಾ, ಮೃದಂಗಕ್ಕೆ ಕೊಬ್ಬರಿ ತಾಳ ಹಾಕ್ತಾ ಐತೆ!" ರಾಜಶೇಖರ್ ಕೂಡ ನಕ್ಕ. ನಕ್ಕವನು ಮಾರನೆಯ ದಿನ ಡಿಪೋದಲ್ಲಿ ಹೇಳಿದ, ಫೋನಿನಲ್ಲಿ ಅಕ್ಕನಿಗೂ ಹೇಳಿದ. ಅದೇ ತಪ್ಪಾಯಿತು.

ಅಕ್ಕ ಚಲುವಮ್ಮನನ್ನು ಹುಲಿಕೆರೆಗೆ ಕೊಟ್ಟಿದ್ದರು. ತೌರಿನ ತೋಟದಲ್ಲಿ ಒಂದು ಸಾಲು ಮರ ಅವರಿಗೆ ಅರಿಸಿನ ಕುಂಕುಮಕ್ಕೆಂದು ಬಿಟ್ಟದ್ದು. ಆ ಕಾಯಿಯೂ ಇದೇ ಅಟ್ಟದಲ್ಲಿ, ಗೋಣಿತಾಟು ಅಡ್ಡ ಕಟ್ಟಿ ಬೇರೆಯಾಗಿ ಇರುತ್ತಿತ್ತು. ಸುದ್ದಿ ಕೇಳಿದ ವಾರದಲ್ಲೇ ಚಲುವಮ್ಮ ಬಸ್ಸಿಳಿದರು. ಕಾಲು ತೊಳೆದು ಒಳಗೆ ಬಂದವರು ನೀರನ್ನೂ ಕುಡಿಯಲಿಲ್ಲ.

"ಹಾಕು ಮಂಜೀ, ಅದೇನ್ ತಾಳವೋ ನಾನೂ ಕೇಳ್ತೀನಿ."

ಮಂಜುಶ್ರೀ ಹಾಕಿದಳು. ಅಟ್ಟ 'ಗೊರ್' ಎಂದಿತು. ಚಲುವಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡರು.

"ಅಯ್ಯೋ ನಿನ್ನ! ಅಟ್ಟದ ಕಾಯಿ ಇಲಿ ಓಡಾಡಿದ್ರೇ ಕೆಡ್ತದೆ ಅಂತಾರೆ. ನೀನು ದಿನಾ ಕುಣಿಸ್ತಾ ಇದೀಯಲ್ಲೇ! ಈ ಸಲ ಪೂರ್ತಿ ಕೆಟ್ಟು ಕೌಟು ಕಣೇ, ಬರ್ದಿಟ್ಕ. ಲೇ ರಾಜ, ಹೆಂಡ್ತೀಗ್ ಹೇಳಾಕೆ ನಿಂಗೆ ಬಾಯಿಲ್ವೇನ್ಲಾ?"

ರಾಜಶೇಖರ್ ಟವೆಲ್ ಕೊಡವಿದ. "ನಾನ್ ಹೇಳಿದ್ರೆ ಕೇಳ್ತಾಳಾ ಅಕ್ಕ?"

"ಕೇಳದೇ ಇದ್ರೆ ಆ ಬಾಕ್ಸ್‌ನ ಮಾರಾಕು. ಗಂಡ ಹೊರಗೆ ಜಗಲೀಲಿ, ಹೆಂಡ್ತಿ ಒಳಗೆ ಹಾಡು ಕೇಳ್ತಾ ಕೂತವ್ಳೆ. ಊರೋರು ನಗಾಡ್ತಾರೆ."

ಮಂಜುಶ್ರೀಯ ಮುಖ ಕೆಂಪಾಯಿತು. "ಅತ್ತಿಗೆ, ಕೊಬ್ಬರಿ ಇಳಿಸೋ ದಿನ ನೀವೇ ಬನ್ನಿ. ಹೋದ್ ಸಲಕ್ಕಿಂತ ಕೌಟು ಹೆಚ್ಚಾಗಿದ್ರೆ ಈ ಬಾಕ್ಸ್‌ನ ನಿಮ್ಮ ಮುಂದೇನೇ ಆಟೋಕ್ ಹಾಕ್ತೀನಿ. ಇಲ್ದಿದ್ರೆ ಇದರ ಮಾತು ಎತ್ತಕೂಡದು."

"ಮಾತು ಅಂದ್ರೆ ಮಾತು" ಎಂದರು ಚಲುವಮ್ಮ. ಆಮೇಲೆ ನೀರು ಕುಡಿದರು.

ಅವತ್ತಿನಿಂದ ಹಾಡು ಹಾಳಾಯಿತು. ಬಾಕ್ಸು ಅವೇ, ಆಂಪ್ಲಿಫೈಯರ್ ಅದೇ. ಆದರೆ ಮಂಜುಶ್ರೀಯ ಕಿವಿ ಹಾಡಿನ ಮೇಲಿರುವ ಬದಲು ಅಟ್ಟದ ಮೇಲಿರುತ್ತಿತ್ತು. 'ಗೊರ್' ಎಂದೊಡನೆ ದನಿ ತಗ್ಗಿಸುತ್ತಿದ್ದಳು. ತಗ್ಗಿಸಿದರೆ ತಂಬೂರಿ ಮಾಯವಾಗುತ್ತಿತ್ತು, ಉಸಿರು ಕೇಳಿಸುತ್ತಿರಲಿಲ್ಲ. ಜಗಲಿಯಲ್ಲಿದ್ದ ರಾಜಶೇಖರ್ "ಇವತ್ತು ನಿಶ್ಶಬ್ದ" ಎಂದು ಖುಷಿಪಟ್ಟರೆ ಅವಳಿಗೆ ಮೈ ಉರಿಯುತ್ತಿತ್ತು. ಯಾವ ಬುದ್ಧಿಗೇಡಿತನಕ್ಕೆ ತನ್ನ ಹಾಡನ್ನು ತೆಂಗಿನಕಾಯಿಗೆ ಕಟ್ಟಿಹಾಕಿದೆನೋ ಎಂದು ಅವಳಿಗೆ ಅವಳ ಮೇಲೇ ಸಿಟ್ಟು ಬಂತು.

ಕಾಯಿ ಇಳಿಸುವ ದಿನ ಅಂಗಳದಲ್ಲಿ ಕೆಂಚಯ್ಯ ಕೂತ. ಸಿಪ್ಪೆ ಸುಲಿದು, ಕುಡುಗೋಲಿನ ಹಿಂಬದಿಯಿಂದ ತಟ್ಟಿ, ಚಿಪ್ಪು ಬಿಡಿಸಿ, ಉಂಡೆಗೆ ಗೀರೂ ಬೀಳದಂತೆ ತೆಗೆಯುವ ಕೈ ಅವನದು. ಒಳ್ಳೆಯ ಉಂಡೆ ಒಂದು ಕಡೆ, ಕಪ್ಪಗಾಗಿ ಮುಗ್ಗಲು ಹಿಡಿದ ಕೌಟು ಇನ್ನೊಂದು ಕಡೆ. ಚಲುವಮ್ಮ ಜಗಲಿಯ ಕಂಬಕ್ಕೆ ಒರಗಿ ಕೂತು, ಎಲೆ ಅಡಿಕೆ ಹಾಕಿಕೊಂಡು, ಕೌಟಿನ ರಾಶಿಯ ಮೇಲೆ ಕಣ್ಣಿಟ್ಟಿದ್ದರು. ರಾಜಶೇಖರ್ ಡಿಪೋಗೆ ರಜೆ ಹಾಕಿದ್ದ.

ಮಧ್ಯಾಹ್ನದ ಊಟದ ಹೊತ್ತಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಕೌಟು ಹೋದ ವರ್ಷಕ್ಕಿಂತ ಹೆಚ್ಚಾಗಿತ್ತು. ವಿಪರೀತವಲ್ಲ. ಆದರೆ ಹೆಚ್ಚು.

"ಹೇಳಿದ್ನಲ್ಲ" ಎಂದರು ಚಲುವಮ್ಮ. "ಲೇ ರಾಜ, ಆಟೋದೋನಿಗೆ ಫೋನ್ ಮಾಡ್ಲಾ."

ರಾಜಶೇಖರ್ ಕೌಟಿನ ರಾಶಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. "ಅಕ್ಕ, ಆ ಮೂಲೇಲಿ ಹೆಂಚು ಒಡೆದಿತ್ತು. ಹಾಕಿಸ್ತೀನಿ ಅಂತ ನಾನೇ ಮರ್ತೆ. ಮಳೆ ನೀರು ಸೋರಿ ಆಗಿರ್ಬೇಕು. ಅಲ್ವೇನೋ ಕೆಂಚಯ್ಯ?"

ಕೆಂಚಯ್ಯ ಕೈ ನಿಲ್ಲಿಸಲಿಲ್ಲ. "ಮೂಲೇವೂ ಅವೆ ಕಣಣ್ಣ, ನಡುವಿನವೂ ಅವೆ. ಯಾತಕ್ ಕೆಡ್ತು ಅಂತ ಕಾಯಿ ಹೇಳ್ತದಾ? ನಂಗಂತೂ ಹೇಳಾಕಾಗಲ್ಲ."

"ಹೆಂಚಿನ ಲೆಕ್ಕ ಬಿಡ್ರೀ" ಎಂದಳು ಮಂಜುಶ್ರೀ. "ಹೆಂಚಿಂದ ಕೆಟ್ಟಿರ್ಬೋದು, ಹಾಡಿಂದ್ಲೇ ಕೆಟ್ಟಿರ್ಬೋದು. ಅತ್ತಿಗೆ, ನಿಮ್ಮ ಪಾಲಲ್ಲಿ ಎಷ್ಟು ಕೌಟೋ ಅಷ್ಟೂ ನನ್ನ ಪಾಲಿನ ಒಳ್ಳೇ ಉಂಡೆ ತುಂಬಿಸ್ಕೊಳ್ಳಿ. ಕೆಂಚಯ್ಯ, ಹಾಕು. ಬಾಕ್ಸ್ ಮಾತ್ರ ಹೋಗಲ್ಲ."

"ನೀನು ಮಾತು ಕೊಟ್ಟಿದ್ದೆ ಕಣೇ!"

"ಕೊಟ್ಟಿದ್ದೆ. ಕೊಡಬಾರದಿತ್ತು. ಈಗ ತಪ್ತಾ ಇದೀನಿ."

"ಮಾತಿಗೆ ತಪ್ಪಿದೋಳು ಅಂತಾರೆ ಊರೋರು."

"ಅನ್ಲಿ. ಬಾಕ್ಸ್ ಮನೆ ಅಂತ ಹೆಂಗೂ ಅಂತಾರೆ, ಇದೊಂದು ಸೇರ್ಕೊಳ್ಳಿ." ಸೆರಗಿನಿಂದ ಬೆವರು ಒರೆಸಿಕೊಂಡಳು. "ನೀವು ಎಲೆ ಅಡಿಕೆ ಹಾಕ್ತೀರಿ. ನಿಮ್ಮ ಎಲೆ ಅಡಿಕೆಗೂ ಕೊಬ್ಬರಿ ಸಾಕ್ಷಿ ಹೇಳ್ಬೇಕಾ? ನಿಮ್ಮ ತಮ್ಮ ಭಾನುವಾರ ಬಂದ್ರೆ ಅರಳಿಕಟ್ಟೇಲಿ ಇಸ್ಪೀಟು. ಬಸ್ ಕೆಟ್ಟು ನಿಂತಿದ್ದು ಅವರ ಇಸ್ಪೀಟಿಂದ ಅಂತ ಯಾರಾದ್ರೂ ಕೇಳಿದಾರಾ? ನಾನು ಕೇಳೋ ಹಾಡಿಗೆ ಮಾತ್ರ ಯಾಕೆ ಮನೇಲಿರೋ ಕಾಯೆಲ್ಲ ಒಳ್ಳೇದಾಗಬೇಕು? ಕೌಟು ಬಂದ್ರೂ ಕೇಳ್ತೀನಿ, ಬರದಿದ್ರೂ ಕೇಳ್ತೀನಿ."

ಕೆಂಚಯ್ಯ ಮೊದಲ ಸಲ ತಲೆಯೆತ್ತಿ, "ಇಸ್ಪೀಟಿಗೆ ನಾನೂ ಹೋಯ್ತೀನಿ, ನನ್ ಹೆಸರು ಎತ್ತಬ್ಯಾಡ ಕಣಕ್ಕ" ಎಂದ. ರಾಜಶೇಖರ್ ನಗು ತಡೆಯಲು ಕೆಮ್ಮಿದ. ಚಲುವಮ್ಮ ನಗಲಿಲ್ಲ. ಒಳ್ಳೆಯ ಉಂಡೆಗಳನ್ನು ಒಂದೊಂದಾಗಿ ಮೂಸಿ ನೋಡಿ ಚೀಲಕ್ಕೆ ತುಂಬಿಸಿಕೊಂಡು, "ಇಂಥ ಬಾಯಿ ನಂಗಿದ್ದಿದ್ರೆ ನಾನು ಹುಲಿಕೆರೇಲಿ ಹಿಂಗಿರ್ತಿರ್ಲಿಲ್ಲ" ಎಂದು ಗೊಣಗಿ ಬಸ್ಸಿಗೆ ಹೊರಟರು. ಅದು ಬೈಗುಳವೋ ಹೊಗಳಿಕೆಯೋ ಮಂಜುಶ್ರೀ ವಿಚಾರಿಸಲು ಹೋಗಲಿಲ್ಲ.

ಸಂಜೆ ಸ್ನಾನ ಮಾಡಿ ಬಂದು ಅವಳು ಹಾಡು ಹಾಕಿದಳು. ಎಷ್ಟೋ ವಾರಗಳ ನಂತರ ದನಿಯನ್ನು ಪೂರ್ತಿ ಬೇಕಾದಷ್ಟು ಏರಿಸಿದಳು. ಹಾಕಿದವಳೇ ಹುಬ್ಬು ಗಂಟಿಕ್ಕಿದಳು. 'ಗೊರ್' ಹೋಗಿತ್ತು, ನಿಜ. ಆದರೆ ಹಾಡುವವಳು ಬಾವಿಯೊಳಗೆ ನಿಂತು ಹಾಡಿದ ಹಾಗಿತ್ತು. ಪ್ರತಿ ಪದಕ್ಕೂ ಒಂದು ಬಾಲ. ತಾಳದ ಸದ್ದು ಗೋಡೆಗೆ ಬಡಿದು ವಾಪಸು ಬಂದು ಕಿವಿಗೆ ಚುಚ್ಚುತ್ತಿತ್ತು.

ಜಗಲಿಯಿಂದ ರಾಜಶೇಖರ್ ತಲೆ ಒಳಗೆ ಹಾಕಿದ. ಟವೆಲ್ ಹೆಗಲ ಮೇಲಿತ್ತು.

"ಏನಾಯ್ತೇ ಅದಕ್ಕೆ? ಮುಂಚಿನಂಗಿಲ್ಲ. ಆಯಮ್ಮನ ದನಿ ಒಡಕೊಡಕು ಬತ್ತಾ ಐತೆ."

ಮಂಜುಶ್ರೀ ಅವನನ್ನೇ ನೋಡಿದಳು. "ಕಿವಿಗೆ ಟವೆಲ್ ಸುತ್ತಿದ್ದೋರ್ಗೆ ಮುಂಚೆ ಹೆಂಗಿತ್ತು ಅಂತ ಹೆಂಗ್ ಗೊತ್ತಾಯ್ತು?"

"ಟವೆಲ್ ಸುತ್ತಿದ್ರೂ ಬೀಳ್ತಾ ಇತ್ತಪ್ಪ" ಎಂದು ಅವನು ಅಂಗಳದ ಕಡೆ ಮುಖ ತಿರುಗಿಸಿದ. "ಸ್ವಲ್ಪ ಕಮ್ಮಿ ಮಾಡು, ಸರಿಹೋಯ್ತದೆ."

"ಕಮ್ಮಿ ಮಾಡಲ್ಲ. ಅಟ್ಟ ಖಾಲಿಯಾಗೈತೆ, ಅದಕ್ಕೇ ಹಿಂಗೆ. ಸಿಪ್ಪೆಯಿದ್ದ ಕಾಯೆಲ್ಲ ಸದ್ದು ಕುಡ್ಕೊಳ್ತಾ ಇತ್ತು." ಅಂಗಳದಲ್ಲಿ ಬಿದ್ದಿದ್ದ ತೆಂಗಿನ ಸಿಪ್ಪೆಯ ಮೂಟೆಗಳ ಕಡೆ ಕೈ ತೋರಿಸಿದಳು. "ಕಿವಿ ನೋಯ್ತಾ ಇದ್ರೆ ಅವನ್ನ ಮೇಲಕ್ ಹಾಕಿ."

"ಈಗ್ಲಾ? ದಿನ ಪೂರ್ತಿ ಇಳಿಸಿದ್ದಾಯ್ತಲ್ಲೇ!"

"ಬ್ಯಾಡಾದ್ರೆ ಬಿಡಿ. ನಾನೇ ಹಾಕ್ತೀನಿ."

ಅವಳು ಸೆರಗು ಸಿಕ್ಕಿಸಿಕೊಂಡು ಎದ್ದಳು. ಅವನು "ಕೂತ್ಕೊಳೇ ಸುಮ್ನೆ, ಏಣಿಯಿಂದ ಬಿದ್ದು ಅದೊಂದು ನನ್ ತಲೇಗ್ ಬರ್ತದೆ" ಎನ್ನುತ್ತ ಟವೆಲ್ಲನ್ನು ತಲೆಗಲ್ಲ, ಸೊಂಟಕ್ಕೆ ಬಿಗಿದ. ಮೂಟೆ ಹೊತ್ತು, ಏಣಿ ಹತ್ತಿ, ದೂಳಿಗೆ ಸೀನುತ್ತ ಅಟ್ಟದ ನಡುವೆ ಇಟ್ಟ. ಮಂಜುಶ್ರೀ ಬಾಕ್ಸುಗಳ ಎದುರು ಕೂತು, ಕಣ್ಣು ಮುಚ್ಚಿ, ಅದೇ ಹಾಡನ್ನು ಮೊದಲಿನಿಂದ ಹಾಕಿದಳು.

"ಸರಿಹೋಯ್ತಾ?" ಮೇಲಿನಿಂದ ಅವನ ದನಿ.

"ಎಡಕ್ಕೆ ಇನ್ನೂ ಒಂದು ಹಾಕಿ" ಎಂದಳು.