ಹೊಟ್ಟು ಯಾರಿಗೂ ಬೇಡವೆಂದು ಬರೆದವನು ನಾನು

ಮೂರು ವರ್ಷದ ಹಿಂದಿನ ಮಾತು. ರಾಯಚೂರಿನ ಹೊರಗೆ ಇಟ್ಟಿಗೆ, ಹೆಂಚು ಸುಡುವ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ನಾನು ಕೆಲಸಕ್ಕಿದ್ದೇನೆ. ಆ ವರ್ಷ ನಮ್ಮ ಕಂಪನಿ ಕಲ್ಲಿದ್ದಲು ಸುಡುವುದನ್ನು ಕಡಿಮೆ ಮಾಡುತ್ತೇವೆ, ಗಾಳಿಗೆ ಬಿಡುವ ಇಂಗಾಲವನ್ನು ಇಳಿಸುತ್ತೇವೆ ಎಂದು ಮಾತು ಕೊಟ್ಟಿತು. ಗೇಟಿನ ಮುಂದೆ ಹಸಿರು ಬೋರ್ಡೂ ಬಂತು. ಕಲ್ಲಿದ್ದಲಿನ ಬದಲು ಏನು ಸುಡುವುದು? ಮಾನ್ವಿ ಕಡೆಯ ರೈಸ್ ಮಿಲ್ಲುಗಳಲ್ಲಿ ಗುಡ್ಡದಂತೆ ಬಿದ್ದಿರುವ ಭತ್ತದ ಹೊಟ್ಟು. ಅದನ್ನು ಗೊತ್ತು ಮಾಡುವ ಕೆಲಸ ನನಗೆ ಬಿತ್ತು. ನಾನು ಮಾನ್ವಿ ದಾರಿಯ ಕಲ್ಲೂರಿನವನು, ಅಲ್ಲೇ ಓಡಾಡಿ ಬೆಳೆದವನು ಎಂಬ ಕಾರಣಕ್ಕೆ.

ನಿಜ ಹೇಳಬೇಕೆಂದರೆ ನನಗೆ ಬಹಳ ಹೆಮ್ಮೆಯಾಗಿತ್ತು. ನಮ್ಮ ಕಡೆಯ ಬಿಸಿಲು ಯಾರಿಗೆ ಗೊತ್ತಿಲ್ಲ? ವರ್ಷದಿಂದ ವರ್ಷಕ್ಕೆ ಏರುತ್ತಲೇ ಇದೆ. ನಮ್ಮ ಕೈಲಾದದ್ದು ನಾವು ಮಾಡುತ್ತಿದ್ದೇವೆ ಎಂದು ಮನೆಯಲ್ಲಿ, ಬಸ್ಸಿನಲ್ಲಿ, ಸಿಕ್ಕ ಸಿಕ್ಕವರ ಮುಂದೆ ಕೊಚ್ಚಿಕೊಂಡೆ.

ಮಾನ್ವಿಯ ಮಿಲ್ಲೊಂದರಲ್ಲಿ ಕುಳಿತು ಫಾರಂ ತುಂಬಬೇಕಿತ್ತು. ಅದರಲ್ಲೊಂದು ಪ್ರಶ್ನೆ: ಈ ಹೊಟ್ಟನ್ನು ಈಗ ಬೇರೆ ಯಾರಾದರೂ ಬಳಸುತ್ತಿದ್ದಾರೆಯೇ? ಬಳಸುತ್ತಿದ್ದರೆ ಅಷ್ಟು ಹೊಟ್ಟು ನಮ್ಮ ಹಸಿರು ಲೆಕ್ಕಕ್ಕೆ ಬರುವುದಿಲ್ಲ. ಯಾಕೆಂದರೆ ಅವರಿಂದ ಕಿತ್ತುಕೊಂಡರೆ ಅವರು ಬೇರೆ ಏನನ್ನಾದರೂ ಸುಟ್ಟೇ ಸುಡುತ್ತಾರೆ.

ಮಿಲ್ಲಿನ ಗುಮಾಸ್ತರನ್ನು ಕೇಳಿದೆ.

"ಹೊಟ್ಟಿಗೆಲ್ಲಿ ರಸೀದಿ ಹರೀತೀವ್ರಿ ಸಾಹೇಬ್ರ. ಹಿಂದಿನ ಗೇಟಿಗಿ ಹೆಣ್ಮಕ್ಕಳು ಬರ್ತಾರ, ಚೀಲ ತುಂಬ್ಕೊಂಡು ಹೋಗ್ತಾರ. ಯಾರ ಹೆಸರಂತ ಹೇಳ್ಲಿ?" ಎಂದರು.

ರಸೀದಿ ಇಲ್ಲದ್ದಕ್ಕೆ ಮೇಲಿನವರಿಗೆ ನಾನೇನು ತೋರಿಸಲಿ? ಊಟದ ಹೊತ್ತು ಬೇರೆ ಮೀರಿತ್ತು. 'ಯಾರೂ ಬಳಸುವುದಿಲ್ಲ' ಎಂದು ಬರೆದು ಸಹಿ ಹಾಕಿ ಎದ್ದೆ.

ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ನಮ್ಮವ್ವ ರೊಟ್ಟಿ ಬೇಯಿಸಿದ್ದೇ ಹೊಟ್ಟಿನ ಒಲೆಯ ಮೇಲೆ. ಒಲೆಯ ನಡುವೆ ಬಾಟಲಿ ನಿಲ್ಲಿಸಿ, ಸುತ್ತಲೂ ಹೊಟ್ಟನ್ನು ಒತ್ತಿ ಒತ್ತಿ ತುಂಬಿ, ಆಮೇಲೆ ಬಾಟಲಿಯನ್ನು ಮೆಲ್ಲಗೆ ಎಳೆದು ತೆಗೆಯುವ ಕೆಲಸ ಚಿಕ್ಕಂದಿನಲ್ಲಿ ನನ್ನದೇ. ಅವಸರ ಮಾಡಿದರೆ ಹೊಟ್ಟು ಕುಸಿಯುತ್ತಿತ್ತು, ಬೆನ್ನಿಗೆ ಪೆಟ್ಟು ಬೀಳುತ್ತಿತ್ತು. ಇಷ್ಟೆಲ್ಲ ಗೊತ್ತಿದ್ದ ಮೂರ್ಖ ನಾನು ಹಾಗೆ ಬರೆದೆ.

ಮರುವರ್ಷ ಕಂಪನಿಯ ವರದಿ ಅಚ್ಚಾಯಿತು. ನನಗೊಂದು ಶಾಲು ಹೊದಿಸಿ, ಒಂದು ಡಬ್ಬಿ ಪೇಡೆ ಕೊಟ್ಟರು. ಅದೇ ವಾರ ಮಾನ್ವಿಗೆ ಹೋಗುವುದಿತ್ತು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಹುಸೇನಮ್ಮ ಮಂಡಕ್ಕಿ ಹುರಿಯುವ ಬಟ್ಟಿ ಇದೆ; ಮಂಡಕ್ಕಿಗೆ ನಮ್ಮ ಕಡೆ ಮಂಡಾಳು ಅನ್ನುತ್ತಾರೆ. ಆಕೆ ನಮಗೆ ಬಂಧುವಲ್ಲ, ಬಳಗವಲ್ಲ. ಆದರೆ ನಾನು ಮಾನ್ವಿಯಲ್ಲಿ ಕಾಲೇಜು ಓದುವಾಗ, ಉಣ್ಣದೆ ಬಂದ ದಿನ ಮುಖ ನೋಡಿಯೇ ತಿಳಿದು, ಬಿಸಿ ಮಂಡಕ್ಕಿಯನ್ನು ಪೇಪರಿನಲ್ಲಿ ಕಟ್ಟಿ ಕೈಗಿಡುತ್ತಿದ್ದಳು. ಆಕೆಗೂ ನಾಲ್ಕು ಪೇಡೆ ಕೊಡೋಣವೆಂದು ಹೋದೆ.

ಓಣಿಯ ತಿರುವಿನಲ್ಲೇ ಮೂಗು ಮುಚ್ಚಿಕೊಳ್ಳಬೇಕಾಯಿತು. ಬಟ್ಟಿಯಿಂದ ಕರ್ರಗಿನ ಹೊಗೆ ಏಳುತ್ತಿತ್ತು. ಹುಸೇನಮ್ಮ ಒಲೆಯ ಬಾಯಿಗೆ ಹಳೆಯ ಟಯರಿನ ತುಂಡು, ಹರಿದ ಚಪ್ಪಲಿ ತುರುಕುತ್ತಿದ್ದಳು. ಕೆಮ್ಮಿ ಕೆಮ್ಮಿ ಆಕೆಯ ಕಣ್ಣು ಕೆಂಪಾಗಿದ್ದವು.

"ಯವ್ವಾ, ಇದೇನು ಟಯರ್ ಸುಡಾಕತ್ತೀ?" ಎಂದೆ.

"ಏನ್ ಮಾಡ್ಲೋ ತಮ್ಮಾ. ಮಿಲ್ಲಿನವ್ರು ಹಿಂದಿನ ಗೇಟಿಗಿ ಕೀಲಿ ಜಡದಾರ. ಹೊಟ್ಟೆಲ್ಲಾ ಲಾರಿ ತುಂಬಿ ರಾಯಚೂರಿನ ಯಾವುದೋ ಫ್ಯಾಕ್ಟರಿಗಿ ಹೋಗ್ತದಂತ. ಬಟ್ಟಿ ಆರಿದ್ರ ನನ್ನ ಬದುಕೂ ಆರ್ತದ. ಅದಕ್ಕ ಸಿಕ್ಕಿದ್ದು ಸುಡಾಕತ್ತೀನಿ. ಮಂಡಾಳು ರಬ್ಬರ್ ವಾಸನಿ ಬರ್ತಾವಂತ ಜನ ವಾಪಸ್ ತಂದು ಕೊಡ್ತಾರ" ಎಂದಳು.

ಪೇಡೆಯ ಡಬ್ಬಿ ನನ್ನ ಕೈಯಲ್ಲೇ ಇತ್ತು. ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡು ಮತ್ತೆ ಹೇಳಿದಳು: "ಹೊಟ್ಟು ಯಾರಿಗೂ ಬ್ಯಾಡಂತ ಯಾವನೋ ಬರಕೊಂಡು ಹೋದನಂತ. ನೀನೂ ಆ ಕಡೀನೇ ನೌಕರಿ ಮಾಡ್ತೀಯಲ್ಲ, ಅವನ ಗುರ್ತು ಇದ್ರ ಹೇಳು. ಒಮ್ಮಿ ಈ ಓಣಿಗಿ ಬಂದು ನೋಡು ಅನ್ನು. ನಿನ್ನಂಥವ ಇದ್ದಿದ್ರ ಹಂಗ ಬರೀತಿರಲಿಲ್ಲ."

"ಹೇಳ್ತೀನಿ ಯವ್ವಾ" ಎಂದೆ. ಡಬ್ಬಿಯನ್ನು ಕಟ್ಟೆಯ ಮೇಲಿಟ್ಟು ಬಂದುಬಿಟ್ಟೆ.

ಮರುದಿನ ನಮ್ಮ ಮ್ಯಾನೇಜರ್ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಕೆಟ್ಟವರಲ್ಲ. "ಫಾರಂ ತುಂಬಿದವರು ನೀವೇ ಅಲ್ವೇನ್ರಿ? ಈಗ ತಪ್ಪು ಅಂದ್ರ ಅಚ್ಚಾದ ವರದಿ ಸುಳ್ಳಾಗ್ತದ. ಮುಂದಿನ ವರ್ಷ ನೋಡೋಣ ಬಿಡ್ರಿ" ಎಂದರು. ಸುಳ್ಳೇ ಸಾರ್, ಸುಳ್ಳನ್ನು ತಿದ್ದೋಣ ಎನ್ನಬೇಕಿತ್ತು. ನೌಕರಿ ಹೋದೀತೆಂಬ ಹೆದರಿಕೆಗೆ ನನ್ನ ಕುರ್ಚಿಗೆ ಬಂದು ಕೂತೆ.

ನಾಲ್ಕು ತಿಂಗಳು ಬಿಟ್ಟು ಹೋದಾಗ ಬಟ್ಟಿ ತಣ್ಣಗಿತ್ತು. ಒಲೆಯ ಬಾಯಲ್ಲಿ ನಾಯಿ ಮಲಗಿತ್ತು. ಕೆಮ್ಮು ಜಾಸ್ತಿಯಾಗಿ ಹುಸೇನಮ್ಮ ದೇವದುರ್ಗದ ಕಡೆ, ಗೂಗಲ್ ಎಂಬ ಹಳ್ಳಿಯಲ್ಲಿರುವ ಮಗಳ ಮನೆಗೆ ಹೋದಳೆಂದು ಪಕ್ಕದವರು ಹೇಳಿದರು.

ನಮ್ಮ ಕಾರ್ಖಾನೆಯ ಚಿಮಣಿಯ ಹೊಗೆ ಈಗ ತೆಳ್ಳಗಿದೆ. ನೋಡಿದವರು ಮೆಚ್ಚಿಕೊಳ್ಳುತ್ತಾರೆ. ನಾನೀಗ ಯಾವ ಮಿಲ್ಲಿಗೆ ಹೋದರೂ ಮೊದಲು ಹಿಂದಿನ ಗೇಟಿನ ಬಳಿ ನಿಂತು ಬಂದವರ ಹೆಸರು ಬರೆದುಕೊಳ್ಳುತ್ತೇನೆ. ಅದರಿಂದ ಹುಸೇನಮ್ಮನಿಗೆ ಏನಾಯಿತು?

ಗೂಗಲ್ ಏನು ದೂರವಲ್ಲ, ಬಸ್ಸಿದೆ. ಎರಡು ಸಲ ಬಸ್ ಸ್ಟ್ಯಾಂಡಿನವರೆಗೆ ಹೋಗಿ ವಾಪಸ್ ಬಂದಿದ್ದೇನೆ. ಹೋದರೆ ಆಕೆ ಕೂಡ್ರು ಅನ್ನುತ್ತಾಳೆ, ಉಂಡಿಯೇನು ಎಂದು ಕೇಳುತ್ತಾಳೆ. ಆಮೇಲೆ, "ಅವಗ ಹೇಳಿದ್ಯೇನೋ ತಮ್ಮಾ?" ಎಂದು ಕೇಳಿಯೇ ಕೇಳುತ್ತಾಳೆ.