ನೇರಳೆ ದೀಪದ ವೈರ್‌ಮನ್

ನಿಜಾಮರ ಕಾಲದಲ್ಲಿ ನಾನು ಕಲಬುರಗಿಯ ಒಂದು ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ಅಲ್ಲಿನ ವೈರ್‌ಮನ್ ಕಮಲಾಪುರದವನು. ದೀಪ ಹತ್ತಿತೆಂದು ಯಾರಾದರೂ ಹೊಗಳಿದರೆ, ‘ಹತ್ತಿದ್ದು ಖರೆ. ಕಾದ ಮ್ಯಾಲ ಮಾತಾಡಮ್ರಿ’ ಎನ್ನುತ್ತಿದ್ದ.

ಆ ಮಾತು ಹುಟ್ಟಿದ್ದು ನೇರಳೆ ದೀಪದಿಂದ. ಆಪರೇಷನ್ ಕೋಣೆಯ ಸೋಂಕು ಕಳೆಯಲು ಅದನ್ನು ಹೈದರಾಬಾದಿನಿಂದ ತರಿಸಿದ್ದರು. ಅದರ ಕಾವು ವಿಪರೀತ. ಮೊದಲ ಸಲ ಅವನು ತಂತಿಗಳನ್ನು ತವರದಿಂದ ಬೆಸೆದ. ದೀಪ ಹತ್ತಿತು. ಡಾಕ್ಟರು ತರಿಸಿದ ಚಹಾ ಕುಡಿದು ಹೊರಟ. ಅವನು ಗೇಟು ದಾಟುವುದರೊಳಗೆ ಬೆಸುಗೆ ಕರಗಿ ದೀಪ ಆರಿತ್ತು. ಅಂದಿನ ಆಪರೇಷನ್ ಮುಂದಕ್ಕೆ ಹೋಯಿತು. ಹೊಟ್ಟೆ ಹಿಡಿದುಕೊಂಡು ಕುಳಿತಿದ್ದ ಹೆಂಗಸನ್ನು ಎತ್ತಿನ ಗಾಡಿಯಲ್ಲಿ ವಾಪಸ್ ಕಳಿಸಿದೆವು. ಅವನು ಗೇಟಿನಲ್ಲಿ ನಿಂತು ಗಾಡಿ ಹೋಗುವುದನ್ನು ನೋಡಿದ.

ನಾಲ್ಕು ದಿನ ಬಿಟ್ಟು ಊರಿಂದ ಬಂದಾಗ ಅವನ ಚೀಲದಲ್ಲಿ ಕುಂಬಾರನ ಆವಿಗೆಯಲ್ಲಿ ಸುಟ್ಟ ಮಣ್ಣಿನ ಮಣಿಗಳಿದ್ದವು. ಕಾವಿಗೆ ಕರಗುವ ರಬ್ಬರಿನ ಬದಲು ಅವನ್ನು ಬರಿತಂತಿಗೆ ಪೋಣಿಸಿ, ತುದಿಗಳನ್ನು ಬೆಸೆಯದೆ ಹಿತ್ತಾಳೆಯ ತಿರುಪಿನಲ್ಲಿ ಬಿಗಿದ. ದೀಪ ಹತ್ತಿಸಿ ಬಾಗಿಲು ಮುಚ್ಚಿದೆವು. ಡಾಕ್ಟರು ಮತ್ತೆ ಚಹಾ ತರಿಸಿದರು. ಅವನು ಕಪ್ಪನ್ನು ಕಿಟಕಿಯಲ್ಲಿಟ್ಟು ಬಾಗಿಲ ಹೊರಗೆ ಕುಕ್ಕರಗಾಲಲ್ಲಿ ಕುಳಿತ.

ಒಂದು ತಾಸಿನ ಮೇಲೆ ದೀಪ ಆರಿಸಿ, ಒಳಗೆ ಹೋಗಿ ತಿರುಪನ್ನು ಅಲುಗಿಸಿ ನೋಡಿದ. ಅದು ಅಲುಗಲಿಲ್ಲ.

‘ಚಹಾ ಆರಿಹೋಗ್ಯಾದ, ಬ್ಯಾರೆ ತರಸ್ತೀನಿ’ ಎಂದರು ಡಾಕ್ಟರು.

‘ಬ್ಯಾಡ್ರಿ ಸಾಹೇಬ್ರ, ಇದು ಈಗ ನನ್ನ ಹಕ್ಕಾಯ್ತು’ ಎಂದು ಕೆನೆಗಟ್ಟಿದ ಚಹಾವನ್ನು ನಿಂತಲ್ಲೇ ಕುಡಿದ. ಆಮೇಲೆ ನನ್ನ ಕಡೆ ತಿರುಗಿದ.

‘ಅವತ್ತು ವಾಪಸ್ ಕಳಿಸಿದ್ರಲ್ಲ, ಆ ಅವ್ವಂದು ಊರು ಯಾವುದ್ರಿ?’